ಕದ ಹಾಕಿ ಕೇಳಿದ ವಾರ್ತೆ

ಪ್ರಶ್ನೆ: 1977ರಲ್ಲಿ ಇಂದಿರಾ ಗಾಂಧಿ ಸೋತು ಮೊರಾರ್ಜಿ ದೇಸಾಯಿ ಪ್ರಧಾನಿ ಆದಾಗ ದಾವಣಗೆರೆಯಲ್ಲಿ ಜನ ಖುಷಿಪಟ್ಟಿದ್ದರಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಊರಿನ ಮಾತು ಹೇಳಲಾರೆ, ನಮ್ಮ ಮನೆಯದು ಹೇಳುತ್ತೇನೆ. ಅಪ್ಪ ಹತ್ತಿ ಗಿರಣಿಯ ಕೆಲಸಗಾರ. ಮಾರ್ಚ್ 24ರ ರಾತ್ರಿ ವಾರ್ತೆ ಮುಗಿದ ಮೇಲೆ ರೇಡಿಯೊ ಆರಿಸಿ, ಮಂಡಕ್ಕಿ ತಟ್ಟೆ ನನ್ನ ಕಡೆ ತಳ್ಳಿ, "ಸದ್ಯ, ಮುಗೀತಪ್ಪ" ಅಂದರು. ತಕ್ಷಣ ಎದ್ದು ಹೋಗಿ ಕದ ಹಾಕಿದರು! ತುರ್ತು ಪರಿಸ್ಥಿತಿಯ 21 ತಿಂಗಳಲ್ಲಿ ಬಂದ ರೂಢಿ ಅದು.

ಎಲ್ಲರಿಗೂ ಖುಷಿ ಆಗಿರಲಿಕ್ಕಿಲ್ಲ. ಕರ್ನಾಟಕದ 28 ಸೀಟಿನಲ್ಲಿ 26 ಕಾಂಗ್ರೆಸ್ಸಿಗೇ ಬಂದಿತ್ತು, ಅಲ್ವಾ? ಅಪ್ಪನಿಗೆ ಚಿಂತೆ ಬೇರೆ. ಇಷ್ಟು ಜನ ಸೇರಿ ಕಟ್ಟಿದ ಸರ್ಕಾರ ಎಷ್ಟು ದಿನ? 1979ರ ಜುಲೈನಲ್ಲಿ ಮೊರಾರ್ಜಿ ರಾಜೀನಾಮೆ ಕೊಟ್ಟರು.

ಆದರೆ ಅಷ್ಟರೊಳಗೆ ಸಂವಿಧಾನದ 44ನೇ ತಿದ್ದುಪಡಿ ಆಗಿತ್ತು. ಸುಮ್ನೆ 'ಒಳಗಿನ ಗಲಭೆ' ಅಂತ ತುರ್ತು ಪರಿಸ್ಥಿತಿ ಹೇರುವಂತಿಲ್ಲ. ಯುದ್ಧ, ಹೊರಗಿನ ದಾಳಿ ಅಥವಾ ಸಶಸ್ತ್ರ ದಂಗೆ ಇರಬೇಕು. ಆಗಲೂ ಜೀವದ ಹಕ್ಕನ್ನು ಅಮಾನತು ಮಾಡುವಂತಿಲ್ಲ. ನನಗೆ ಆ ಸರ್ಕಾರದ ದೊಡ್ಡ ಕೆಲಸ ಇದೇ.

ಅಪ್ಪ ಮಾತ್ರ ಕೊನೆವರೆಗೂ ಕದ ಹಾಕಿಯೇ ವಾರ್ತೆ ಕೇಳಿದರು.