ಬೀದಿಯಲ್ಲಿ ಮದ್ಯಪಾನ: ಎಲ್ಲಿ ಅಪರಾಧ, ಎಲ್ಲಿ ಅಲ್ಲ?

ಪ್ರಶ್ನೆ: ಜರ್ಮನಿಯಲ್ಲಿ ಬಿಯರ್ ಕುಡಿಯುತ್ತಲೇ ರಸ್ತೆಯಲ್ಲಿ ನಡೆದು ಹೋಗಬಹುದೆಂದೂ, ಸಿಂಗಾಪುರದಲ್ಲಿ ಅದಕ್ಕೇ ದಂಡ ತೆರಬೇಕಾಗುತ್ತದೆಂದೂ ಕೇಳಿದ್ದೇನೆ. ಒಂದೇ ಕೃತ್ಯ ಒಂದು ಕಡೆ ಸಹಜ, ಇನ್ನೊಂದು ಕಡೆ ಅಪರಾಧವಾಗುವುದು ಹೇಗೆ? ಅಮೆರಿಕದಲ್ಲಿ ಬಾಟಲಿಯನ್ನು ಕಾಗದದ ಚೀಲದಲ್ಲಿ ಸುತ್ತಿಕೊಂಡರೆ ಕಾನೂನಿನ ಅಡ್ಡಿಯಿಲ್ಲ ಎನ್ನುವುದು ನಿಜವೇ?

ಉತ್ತರ: ನೀವು ಕೇಳಿರುವ ಎರಡೂ ಮಾತುಗಳು ಅರ್ಧ ಸತ್ಯ. ಜರ್ಮನಿಯಲ್ಲಿ ದೇಶವ್ಯಾಪಿ ನಿಷೇಧವಿಲ್ಲ, ನಿಜ. ಆದರೆ ಹ್ಯಾಂಬರ್ಗ್ ನಗರದ ಸಾರ್ವಜನಿಕ ಸಾರಿಗೆಯಲ್ಲಿ 2011ರಿಂದ ಮದ್ಯ ಸೇವಿಸುವಂತಿಲ್ಲ. ಸಿಂಗಾಪುರದ 2015ರ ಕಾಯಿದೆಯೂ ದಿನವಿಡೀ ನಿಷೇಧಿಸುವುದಿಲ್ಲ. ಸಾರ್ವಜನಿಕ ಸ್ಥಳಗಳಲ್ಲಿ ರಾತ್ರಿ 10.30ರಿಂದ ಬೆಳಿಗ್ಗೆ 7ರವರೆಗೆ ಮಾತ್ರ ಕುಡಿಯಬಾರದು ಎನ್ನುತ್ತದೆ. ಗೇಲಾಂಗ್ ಮತ್ತು ಲಿಟ್ಲ್ ಇಂಡಿಯಾ ಬಡಾವಣೆಗಳಲ್ಲಿ ವಾರಾಂತ್ಯದ ನಿರ್ಬಂಧ ಇನ್ನೂ ಬಿಗಿ. 2013ರ ಡಿಸೆಂಬರ್‌ನಲ್ಲಿ ಲಿಟ್ಲ್ ಇಂಡಿಯಾದಲ್ಲಿ ಗಲಭೆ ನಡೆದಿತ್ತೆಂಬುದನ್ನು ನೆನೆದರೆ ಈ ಬಿಗಿಯ ಹಿನ್ನೆಲೆ ತಿಳಿಯುತ್ತದೆ. ಆದ್ದರಿಂದ ಯಾವ ದೇಶ ಎನ್ನುವುದಕ್ಕಿಂತ ಯಾವ ಬೀದಿ, ಯಾವ ಹೊತ್ತು ಎಂದು ಕೇಳುವುದೇ ಸರಿಯಾದ ಪ್ರಶ್ನೆ. ಬೀದಿಯಲ್ಲಿ ಕುಡಿಯುವುದನ್ನು ಕಾನೂನು ತಡೆಯದ ಜಪಾನಿನಲ್ಲಿ ಕೂಡ, ಟೋಕಿಯೊದ ಶಿಬುಯಾ ಆಡಳಿತವು ರೈಲು ನಿಲ್ದಾಣದ ಸುತ್ತಲಿನ ರಸ್ತೆಗಳಿಗೆ 2024ರ ಅಕ್ಟೋಬರ್‌ನಿಂದ ವರ್ಷಪೂರ್ತಿ ಅನ್ವಯಿಸುವ ರಾತ್ರಿ ನಿಷೇಧ ತಂದಿದೆ.

ಅಪರಾಧ ಯಾವುದು ಎಂಬ ವ್ಯಾಖ್ಯೆಯೂ ಎಲ್ಲೆಡೆ ಒಂದೇ ಅಲ್ಲ. ಇಂಗ್ಲೆಂಡಿನಲ್ಲಿ 2014ರ ಕಾಯಿದೆಯೊಂದು ಸ್ಥಳೀಯ ಮಂಡಳಿಗಳಿಗೆ ನಿರ್ದಿಷ್ಟ ಪ್ರದೇಶಗಳನ್ನು ಗುರುತಿಸಿ ಆದೇಶ ಹೊರಡಿಸುವ ಅಧಿಕಾರ ಕೊಟ್ಟಿದೆ. ಮದ್ಯಕ್ಕೆ ಸಂಬಂಧಿಸಿದ ಇಂಥ ಆದೇಶವಿರುವ ಕಡೆ ಕುಡಿಯುವುದೇ ಅಪರಾಧವಾಗುವುದಿಲ್ಲ. ಪೊಲೀಸರು ಅಥವಾ ಅಧಿಕಾರ ಪಡೆದ ಸಿಬ್ಬಂದಿ ನಿಲ್ಲಿಸಲು ಹೇಳಿದ ಮೇಲೂ, ಸಮಂಜಸ ಕಾರಣವಿಲ್ಲದೆ ಮುಂದುವರಿಸುವುದು ಅಪರಾಧವಾಗುತ್ತದೆ. ನನ್ನ ದೃಷ್ಟಿಯಲ್ಲಿ ಇದು ಹೆಚ್ಚು ವಿವೇಕದ ಮಾರ್ಗ: ಉದ್ಯಾನದಲ್ಲಿ ಸುಮ್ಮನೆ ಕುಳಿತು ಒಂದು ಲೋಟ ವೈನ್ ಕುಡಿಯುವವರನ್ನೂ ದಾರಿಹೋಕರನ್ನು ಕಾಡುವವರನ್ನೂ ಅದು ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಆದರೆ ಯಾರನ್ನು ತಡೆಯಬೇಕು, ಯಾರನ್ನು ಬಿಡಬೇಕು ಎಂಬುದು ಸಿಬ್ಬಂದಿಯ ವಿವೇಚನೆಗೆ ಬಿಟ್ಟ ವಿಷಯವಾಗುತ್ತದೆ ಎಂಬ ಆಕ್ಷೇಪವನ್ನೂ ತಳ್ಳಿಹಾಕಲಾಗದು.

ಅಮೆರಿಕದಲ್ಲಿ ರಾಜ್ಯಕ್ಕೊಂದು, ಎಷ್ಟೋ ವೇಳೆ ನಗರಕ್ಕೊಂದು ನಿಯಮ. ನ್ಯೂ ಆರ್ಲಿಯನ್ಸ್‌ನ ಫ್ರೆಂಚ್ ಕ್ವಾರ್ಟರ್‌ನಲ್ಲಿ ಪ್ಲಾಸ್ಟಿಕ್ ಲೋಟದಲ್ಲಿ ಮದ್ಯ ಹಿಡಿದು ನಡೆಯಬಹುದು, ಗಾಜಿನ ಪಾತ್ರೆ ಕೂಡದು. ಸವಾನಾ ನಗರದ ಐತಿಹಾಸಿಕ ಪ್ರದೇಶದಲ್ಲಿ ಪ್ಲಾಸ್ಟಿಕ್ ಲೋಟದ ಜೊತೆಗೆ ಅಳತೆಯ ಮಿತಿಯೂ ಇದೆ: 16 ಔನ್ಸ್, ಅಂದರೆ ಸುಮಾರು 470 ಮಿಲಿಲೀಟರ್. ನ್ಯೂಯಾರ್ಕ್ ನಗರದಲ್ಲಿ ಮಾತ್ರ ಸಾರ್ವಜನಿಕ ಸ್ಥಳದಲ್ಲಿ ಕುಡಿಯುವುದಷ್ಟೇ ಅಲ್ಲ, ಕುಡಿಯುವ ಉದ್ದೇಶದಿಂದ ತೆರೆದ ಬಾಟಲಿಯನ್ನು ಹಿಡಿದಿರುವುದೂ ನಿಷಿದ್ಧ. ಅಲ್ಲಿನ ವ್ಯಾಖ್ಯೆಯ ಪ್ರಕಾರ ರಸ್ತೆ, ಉದ್ಯಾನಗಳಂತೆ ವಾಹನ ನಿಲುಗಡೆಯ ಜಾಗವೂ ಸಾರ್ವಜನಿಕ ಸ್ಥಳವೇ.

ಇನ್ನು ಚೀಲದ ಮಾತು. ತೆರೆದ ಬಾಟಲಿ ಚೀಲದೊಳಗಿದ್ದರೂ ತೆರೆದ ಬಾಟಲಿಯೇ. ಅದನ್ನು ಸುತ್ತಿದ ಕಾಗದ ಪೊಲೀಸರ ಕಣ್ಣಿಗೆ ಮರೆಯಾದೀತೇ ಹೊರತು ಕಾನೂನಿನಿಂದ ವಿನಾಯಿತಿ ಕೊಡಿಸದು.