ಗಾಡಿಯ ಅಡಿಗೆ ದಪ್ಪ ತಗಡು ಹೊಡೆದರೆ ಸಾಲದೇ?

ಮದ್ದೂರಿನ ಓದುಗರೊಬ್ಬರ ಪ್ರಶ್ನೆ: ನೆಲಬಾಂಬ್ ತಡೆಯುವ ಸೇನೆಯ ಗಾಡಿಗೆ ಅಷ್ಟೊಂದು ದುಡ್ಡು ಯಾಕೆ ಸುರಿಯುತ್ತಾರೆ? ಮಾಮೂಲಿ ಲಾರಿಯ ಅಡಿಗೆ ಒಂದಿಂಚು ಉಕ್ಕಿನ ತಗಡು ವೆಲ್ಡ್ ಮಾಡಿಸಿದರೆ ಆಗಲ್ವಾ?

ಆಗಲ್ಲ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ, ಲೆಕ್ಕ ಇಟ್ಟಿಲ್ಲ. ಈ ಸಲ ಪೂರ್ತಿ ಹೇಳಿಬಿಡುತ್ತೇನೆ.

ಚಪ್ಪಟೆ ತಗಡು ಸಿಡಿತದ ಏಟನ್ನೆಲ್ಲ ತಾನೇ ತಿನ್ನುತ್ತದೆ. ತೂತು ಬೀಳದೇ ಇರಬಹುದು. ಆದರೆ ಕ್ಷಣಮಾತ್ರದಲ್ಲಿ ಒಳಕ್ಕೆ ಉಬ್ಬುತ್ತದೆ. ಅದರ ಮೇಲೆ ಬೂಟುಗಾಲು ಊರಿ ಕೂತವನ ಹಿಮ್ಮಡಿ ಪುಡಿಯಾಗುತ್ತದೆ, ಏಟು ಬೆನ್ನುಮೂಳೆಗೂ ಏರುತ್ತದೆ. ಹೊರಗಿನಿಂದ ನೋಡಿದವರು ಗಾಡಿಗೆ ಏನೂ ಆಗಿಲ್ಲ ಅಂದುಕೊಳ್ಳುತ್ತಾರೆ.

ಅದಕ್ಕೇ ಅಡಿಭಾಗ ಇಂಗ್ಲಿಷಿನ 'ವಿ' ಅಕ್ಷರದ ಹಾಗಿರುತ್ತದೆ. ತಲಕಾಡಿನ ಹರಿಗೋಲಿನ ತಳವಲ್ಲ, ಸಮುದ್ರದ ದೋಣಿಯ ತಳ. ಒತ್ತಡ ಎರಡೂ ಪಕ್ಕಕ್ಕೆ ಜಾರಿಹೋಗುತ್ತದೆ. ಜೊತೆಗೆ ಗಾಡಿ ನೆಲದಿಂದ ಎತ್ತರದಲ್ಲಿರಬೇಕು. ದೂರ ಸ್ವಲ್ಪ ಹೆಚ್ಚಾದರೂ ಏಟು ತುಂಬಾ ಇಳಿಯುತ್ತದೆ. ಇದನ್ನು 1970ರ ದಶಕದಲ್ಲಿ ರೊಡೇಷಿಯಾ (ಈಗಿನ ಜಿಂಬಾಬ್ವೆ), ದಕ್ಷಿಣ ಆಫ್ರಿಕಾದವರು ಪೆಟ್ಟು ತಿಂದು ಕಲಿತರು. ಅಲ್ಲಿಯ ಕ್ಯಾಸ್ಪಿರ್ ಗಾಡಿಯನ್ನು ನಮ್ಮ ಸೇನೆಯೂ ತರಿಸಿಕೊಂಡಿತು.

ಚಕ್ರ ಹಾರಿಹೋಗುವುದು ಸೋಲಲ್ಲ, ಹೋಗಲಿ ಅಂತಲೇ ಬಿಟ್ಟಿರುತ್ತಾರೆ. ಚಕ್ರವನ್ನು ನಾಳೆ ಬೇರೆ ತಂದು ಹಾಕಬಹುದು. ಹೊಸ ಗಾಡಿಗಳಲ್ಲಿ ಸೀಟನ್ನು ನೆಲಕ್ಕೆ ಬೋಲ್ಟ್ ಮಾಡುವುದಿಲ್ಲ, ಚಾವಣಿಗೋ ಪಕ್ಕದ ಗೋಡೆಗೋ ತೂಗುಹಾಕಿರುತ್ತಾರೆ. ಕಾಲಿಡಲು ಬೇರೆ ಪಟ್ಟಿ ಇರುತ್ತದೆ. ನನ್ನ ಸರ್ವೀಸಿನಲ್ಲಿ ಹುಡುಗರನ್ನು ಅತಿ ಹೆಚ್ಚು ಬೈದಿದ್ದು ಇಲ್ಲೇ. ಪಟ್ಟಿ ಬಿಟ್ಟು ನೆಲಕ್ಕೆ ಕಾಲು ಚಾಚುವುದು, ಸೆಖೆ ಅಂತ ಬೆಲ್ಟ್ ಬಿಚ್ಚುವುದು, ಜಾಕು, ನೀರಿನ ಕ್ಯಾನನ್ನು ಕಟ್ಟದೆ ಸುಮ್ನೆ ಬಿಸಾಕುವುದು. ಗಾಡಿ ಎಗರಿದಾಗ ಆ ಜಾಕೇ ತಲೆ ಒಡೆಯುತ್ತದೆ. ಉಕ್ಕಿನ ದಪ್ಪದ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತೀರಿ, ಬೆಲ್ಟಿನ ಬಗ್ಗೆ ಒಬ್ಬರೂ ಕೇಳುವುದಿಲ್ಲ.

ಇನ್ನು ಎತ್ತರದ ಗಾಡಿ ಬೇಗ ಮಗುಚುತ್ತದೆ. ಕಬ್ಬು ಹೇರಿದ ಟ್ರ್ಯಾಕ್ಟರ್ ತಿರುವಿನಲ್ಲಿ ವಾಲುವುದನ್ನು ನೋಡಿದ ಮಂಡ್ಯದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಮೆರಿಕದ ಇಂಥ ಗಾಡಿಗಳು ನಾಲೆಗೆ ಉರುಳಿ ಒಳಗಿದ್ದವರು ಮುಳುಗಿದ್ದೂ ಉಂಟು. ವಿ.ಸಿ. ನಾಲೆ ಏರಿಯ ಮೇಲೆ ನನಗೆ ಓಡಿಸಲು ಕೊಟ್ಟರೆ ಇಪ್ಪತ್ತರ ಮೇಲೆ ಹೋಗಲಾರೆ.

ಮಿತಿಯೂ ಇದೆ. ಕ್ಯಾಸ್ಪಿರ್ ಚಕ್ರದಡಿ ಸುಮಾರು 21 ಕಿಲೋ, ಹೊಟ್ಟೆಯಡಿ 14 ಕಿಲೋ ಟಿಎನ್‌ಟಿ ಸಿಡಿಮದ್ದು ತಡೆಯುವಂತೆ ಮಾಡಿದ್ದು. ಮೂಟೆಗಟ್ಟಲೆ ಹೂತರೆ ಯಾವ ಆಕಾರವೂ ಕಾಯುವುದಿಲ್ಲ. 2012ರ ಜನವರಿಯಲ್ಲಿ ಜಾರ್ಖಂಡಿನ ಗಢವಾದಲ್ಲಿ ಇಂಥದ್ದೇ ಗಾಡಿಯಲ್ಲಿದ್ದ 13 ಪೊಲೀಸರು ಸತ್ತರು. ಅಂಥ ಕಡೆ ಗಾಡಿ ಬಿಟ್ಟು, ರಸ್ತೆಯನ್ನೂ ಬಿಟ್ಟು ನಡೆದು ಹೋಗುವುದೇ ವಾಸಿ.

ಮೈಸೂರಿನಿಂದ: ವೇಗವಾಗಿ ಓಡಿಸಿದರೆ ಸಿಡಿಯುವಷ್ಟರಲ್ಲಿ ದಾಟಿಬಿಡಬಹುದಂತೆ?
ಸಿನಿಮಾ ನೋಡುವುದು ಕಮ್ಮಿ ಮಾಡಿ.

ನಂಜನಗೂಡಿನಿಂದ: ಗಾಡಿ ನೆಲದ ಮೇಲೆ ಮರಳಿನ ಚೀಲ ಹಾಸಿದರೆ?
ಗತಿ ಇಲ್ಲದಾಗ ಹಾಸುತ್ತಿದ್ದರು. ಏನೂ ಇಲ್ಲದ್ದಕ್ಕಿಂತ ಮೇಲು, ಅಷ್ಟೇ.

ಶ್ರೀರಂಗಪಟ್ಟಣದಿಂದ: ಟಿಪ್ಪುವಿನ ರಾಕೆಟ್ ಈ ಗಾಡಿಯನ್ನು ಒಡೆಯುತ್ತಿತ್ತೇ?
ಮುಂದಿನ ಪ್ರಶ್ನೆ.

ಮಂಡ್ಯದಿಂದ: ಗ್ಯಾರೇಜಿನವನೊಬ್ಬ ನನ್ನ ಜೀಪನ್ನು ಬಾಂಬ್ ಪ್ರೂಫ್ ಮಾಡಿಕೊಡುತ್ತೇನೆ ಅನ್ನುತ್ತಿದ್ದಾನೆ. ಅಡ್ವಾನ್ಸ್ ಕೊಡಲೇ?
ಬೇಡ. ಐನೂರು ಕಿಲೋ ತಗಡು ಹೊತ್ತ ಜೀಪಿಗೆ ಬ್ರೇಕ್ ಹಿಡಿಯಲ್ಲ. ಬಾಂಬ್ ಸಿಗುವ ಮೊದಲೇ ನೀವು ಎದುರಿನ ಲಾರಿಗೆ ಗುದ್ದಿರುತ್ತೀರಿ.

ಕೊಳ್ಳೇಗಾಲದಿಂದ: ಪಾಲಾರಿನಲ್ಲಿ ಇಂಥ ಗಾಡಿ ಇದ್ದಿದ್ದರೆ?
1993ರ ಏಪ್ರಿಲ್ 9ರಂದು ವೀರಪ್ಪನ್ ತಂಡ ಅಲ್ಲಿ ಹೂತಿದ್ದ ನೆಲಬಾಂಬಿಗೆ ಪೊಲೀಸರು, ಅರಣ್ಯ ಸಿಬ್ಬಂದಿ ಸೇರಿ 22 ಜನ ಸತ್ತರು. ಅವರು ಕೂತಿದ್ದದ್ದು ಸಾದಾ ವಾಹನಗಳಲ್ಲಿ, ಬಂದದ್ದು ಅವನು ಕಾಯುತ್ತಿದ್ದ ದಾರಿಯಲ್ಲೇ. ಗಾಡಿ ಬದಲಾಗಿದ್ದರೂ ದಾರಿ ಅದೇ ಆಗಿರುತ್ತಿತ್ತಲ್ಲ.