ಮೊದಲು ಮಾರ್ಕ್ಸ್ ಕಾರ್ಡ್ ವಾಪಸ್ ತಗೊಂಡು ಬಾ

2020ರ ಮಾರ್ಚ್‌ನಲ್ಲಿ ಕೊರೊನಾ ಲಾಕ್‌ಡೌನ್ ಶುರುವಾದಾಗಿನಿಂದ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಅರ್ಧಕ್ಕರ್ಧ ಕೆಲಸ ಕಳೆದುಕೊಂಡವರದ್ದೇ. ಅರಸೀಕೆರೆ ಕಡೆಯ ಹಳ್ಳಿಯೊಂದರಿಂದ ಬಂದ ಪತ್ರ ಓದಿದ ರಾತ್ರಿ ಮಾತ್ರ ನನಗೆ ನಿದ್ದೆ ಹತ್ತಲಿಲ್ಲ. ಬರೆದವಳಿಗೆ 27 ವರ್ಷ. ‘ಅಕ್ಕಾ’ ಅಂತ ಶುರು ಮಾಡಿದ್ದಾಳೆ. ಹಾಗಾಗಿ ನಾನೂ ‘ನೀನು’ ಅಂತಲೇ ಮಾತಾಡುತ್ತೇನೆ.

ನಿನ್ನ ಕಥೆ ಇಷ್ಟು. ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿನ ಒಂದು ಕಂಪನಿಯಲ್ಲಿ ನಾಲ್ಕು ವರ್ಷ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿದೆ. ವಿಮಾನದ ಟಿಕೆಟ್, ಹೋಟೆಲ್ ರೂಮು ಬುಕ್ ಮಾಡುವ ಸೈಟಿನ ಪ್ರಾಜೆಕ್ಟು. ಮೇ ತಿಂಗಳಲ್ಲಿ ಎಚ್‌ಆರ್ ಫೋನ್ ಮಾಡಿ, ‘ನೀವೇ ರಿಸೈನ್ ಮಾಡಿಬಿಡಿ, ಎಕ್ಸ್‌ಪೀರಿಯನ್ಸ್ ಲೆಟರ್ ಚೆನ್ನಾಗಿರುತ್ತೆ’ ಅಂದರು. ಅವತ್ತು ಸಂಜೆಯೇ ಮೇಲ್ ಕಳಿಸಿದೆ. ಪಿಜಿ ಖಾಲಿ ಮಾಡಿ ಊರಿಗೆ ಬಂದೆ. ಊರಲ್ಲಿ ನೆಟ್‌ವರ್ಕ್ ಸಿಗುವುದು ಕೆರೆ ಏರಿ ಮೇಲೆ. ಅಲ್ಲಿ ಸ್ಕೂಟಿ ಸೀಟಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ನಿಂತೇ ಏಳು ಇಂಟರ್‌ವ್ಯೂ ಕೊಟ್ಟಿದ್ದೀಯ. ‘ಮೇ ತಿಂಗಳಿಂದ ಏನು ಮಾಡ್ತಿದ್ದೀರಿ’ ಅಂತ ಎಲ್ಲರೂ ಕೇಳುತ್ತಾರೆ. ನೀನು ತಡವರಿಸುತ್ತೀಯ. ‘ತಿಳಿಸ್ತೀವಿ’ ಅನ್ನುತ್ತಾರೆ, ತಿಳಿಸುವುದಿಲ್ಲ.

ಈ ನಡುವೆ ನಿನ್ನ ಸೋದರಮಾವ ಬೆಂಗಳೂರಿನ ಒಬ್ಬ ಕನ್ಸಲ್ಟೆನ್ಸಿಯವನನ್ನು ಪರಿಚಯ ಮಾಡಿಸಿದರು. ಒಂದೂವರೆ ಲಕ್ಷ ಕೊಟ್ಟರೆ ನೀನು ಇವತ್ತಿನವರೆಗೂ ಬೇರೊಂದು ಕಂಪನಿಯಲ್ಲಿ ಇದ್ದೆ ಅಂತ ಲೆಟರು, ಪೇ ಸ್ಲಿಪ್ಪು ಎಲ್ಲಾ ಮಾಡಿಕೊಡುತ್ತಾನಂತೆ. ಆಮೇಲೆ ಬ್ಯಾಕ್‌ಡೋರ್‌ನಲ್ಲಿ ಒಂದು ಕೆಲಸವನ್ನೂ ಕೊಡಿಸುತ್ತಾನಂತೆ. ಅಮ್ಮ ಎರಡೆಳೆ ಸರ ಅಡ ಇಡಲು ತಯಾರು. ಕೊಬ್ಬರಿ ಮಾರಿದ ಮೇಲೆ ಬಿಡಿಸಿಕೊಂಡರಾಯಿತು ಅನ್ನುತ್ತಾರೆ. ‘ಕೊಡಲೋ ಬೇಡವೋ ಅಕ್ಕಾ?’ ಇದು ನಿನ್ನ ಪ್ರಶ್ನೆ.

ಬೇಡ. ಅದಕ್ಕೆ ಉತ್ತರ ಅಷ್ಟೇ. ನನ್ನ ನಿದ್ದೆ ಕೆಡಿಸಿದ್ದು ಆ ಒಂದೂವರೆ ಲಕ್ಷ ಅಲ್ಲ, ಪತ್ರದ ಕೊನೆಯಲ್ಲಿ ನೀನು ಸುಮ್ನೆ ಸೇರಿಸಿದ ಒಂದು ಸಾಲು. ‘ಆಗಸ್ಟ್‌ನಲ್ಲೇ ಕನ್ಸಲ್ಟೆನ್ಸಿಯವರು ವೆರಿಫಿಕೇಶನ್‌ಗೆ ಬೇಕು ಅಂತ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಎಲ್ಲಾ ಇಸ್ಕೊಂಡಿದ್ದಾರೆ, ಅದೇನೂ ತೊಂದರೆ ಇಲ್ಲ ಅಲ್ವಾ?’

ತೊಂದರೆ ಇದೆ ತಂಗಿ. ಈಗ ನವೆಂಬರ್. ಮೂರು ತಿಂಗಳಿಂದ ನಿನ್ನ ಎಸ್ಸೆಸ್ಸೆಲ್ಸಿ, ಪಿಯುಸಿ, ಎಂಟು ಸೆಮಿಸ್ಟರಿನ ಮಾರ್ಕ್ಸ್ ಕಾರ್ಡು, ಡಿಗ್ರಿ ಸರ್ಟಿಫಿಕೇಟು, ಎಲ್ಲಾ ಯಾರದೋ ಕಪಾಟಿನಲ್ಲಿವೆ. ನಾಳೆ ಒಳ್ಳೆಯ ಕಂಪನಿಯೊಂದು ಕೆಲಸ ಕೊಟ್ಟು ಒರಿಜಿನಲ್ ತೋರಿಸಿ ಅಂದರೆ ಏನು ತೋರಿಸುತ್ತೀಯ? ನೀನು ದುಡ್ಡು ಕೊಡುವುದಿಲ್ಲ ಅಂದ ದಿನ ಅವನು ಆ ಫೈಲನ್ನೇ ಮುಂದಿಟ್ಟುಕೊಂಡು ಮಾತಾಡುತ್ತಾನೆ. ಮೂರು ತಿಂಗಳು ಸುಮ್ಮನೆ ಇಟ್ಟುಕೊಂಡಿರುವುದು ಅದಕ್ಕೇ.

ನನಗೆ ಇದು ಗೊತ್ತು. ನನ್ನ ಮೊದಲ ಕೆಲಸದ ಆಫೀಸಿನವರು ನನ್ನ ಡಿಗ್ರಿ ಸರ್ಟಿಫಿಕೇಟ್ ಇಟ್ಟುಕೊಂಡು ಒಂದು ವರ್ಷ ಸತಾಯಿಸಿದರು. ಆ ವರ್ಷ ಬಂದ ಒಂದು ಒಳ್ಳೆಯ ಅವಕಾಶ ಕೈತಪ್ಪಿತು. ನನ್ನ ಅಮ್ಮ ನನ್ನ ಮಾರ್ಕ್ಸ್ ಕಾರ್ಡುಗಳನ್ನು ಟ್ರಂಕಿನಲ್ಲಿ, ಮದುವೆ ಸೀರೆಯ ಮಡಿಕೆಯೊಳಗೆ, ಪ್ಲಾಸ್ಟಿಕ್ ಕವರಿಗೆ ಹಾಕಿ ಇಟ್ಟಿದ್ದಳು. ಇವತ್ತಿಗೂ ಅವುಗಳಿಗೆ ನುಸಿ ಗುಳಿಗೆಯ ವಾಸನೆ ಇದೆ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು ಅವಳು. ಅದರ ಬೆಲೆ ಅವಳಿಗೆ ಗೊತ್ತಿತ್ತು, ಕೇಳಿದ ತಕ್ಷಣ ತೆಗೆದುಕೊಟ್ಟ ನನಗೆ ಗೊತ್ತಿರಲಿಲ್ಲ. ಅದಕ್ಕೇ ಈ ಅಂಕಣದಲ್ಲಿ ಎಷ್ಟು ಸಲ ಬರೆದರೂ ನನಗೆ ಸಾಕು ಅನ್ನಿಸುವುದಿಲ್ಲ: ಒರಿಜಿನಲ್ ತೋರಿಸು, ಎದುರಿಗೇ ಕೂತು ನೋಡಲಿ, ಅದನ್ನು ಬಿಟ್ಟು ಬರಬೇಡ. ಬೇಕಾದರೆ ಜೆರಾಕ್ಸ್ ಕೊಡು.

ನಿನಗೆ ಫೋನ್ ಮಾಡಿದ ಆ ಎಚ್‌ಆರ್ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಆ ವಾರ ಇಂಥ ಎಷ್ಟು ಫೋನ್ ಮಾಡು ಅಂತ ಮೇಲಿನವರು ಹೇಳಿದ್ದರೋ. ನನ್ನ ಸಿಟ್ಟೆಲ್ಲಾ ನಿನ್ನ ಮಾವನ ಮೇಲೆ. ‘ಎಲ್ಲರೂ ಹೀಗೇ ಮಾಡೋದು, ನಿನಗೆ ಲೋಕಜ್ಞಾನ ಇಲ್ಲ’ ಅಂದರಂತೆ. ಇದು ಲೋಕಜ್ಞಾನ ಆಗಿದ್ದರೆ ಆ ಫೈಲ್ ಕೊಟ್ಟಾಗ ಒಂದು ರಸೀದಿಯನ್ನಾದರೂ ಕೇಳಬೇಕಿತ್ತಲ್ಲ? ಅಕ್ಕನ ಕುತ್ತಿಗೆಯ ಸರ ಅಡಕ್ಕೆ ಹೋಗುತ್ತದೆ ಅಂದಾಗ ತಮ್ಮನಾದವನು ತಡೆಯಬೇಕಿತ್ತು. ಅಡ ಇಡುವುದಿದ್ದರೆ ಆಸ್ಪತ್ರೆಗೆ ಇಡಲಿ, ತೋಟಕ್ಕೆ ಇಡಲಿ. ಕೆಲಸ ಕೊಡುವವರು ನಮಗೆ ಸಂಬಳ ಕೊಡಬೇಕು. ನಾವು ದುಡ್ಡು ಕೊಟ್ಟು ಸೇರುವ ಜಾಗ ಕೆಲಸದ ಜಾಗವೇ ಅಲ್ಲ.

ಆ ಕನ್ಸಲ್ಟೆನ್ಸಿಯವನ ಲೆಟರು ನಡೆಯುವುದೂ ಇಲ್ಲ. ನೀನು ಯಾವ ಕಂಪನಿಯಲ್ಲಿ ಯಾವತ್ತಿನಿಂದ ಯಾವತ್ತಿನವರೆಗೆ ಇದ್ದೆ ಅನ್ನುವುದು ನಿನ್ನ ಪಿಎಫ್ ಯುಎಎನ್ (ಕಂಪನಿ ಬದಲಾದರೂ ಬದಲಾಗದ ಪಿಎಫ್ ನಂಬರು) ಖಾತೆಯ ಸರ್ವಿಸ್ ಹಿಸ್ಟರಿಯಲ್ಲಿದೆ. ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ಮಾಡುವವರು ಅದನ್ನು ಕೇಳಿದರೆ ಸುಳ್ಳು ಐದು ನಿಮಿಷ ನಿಲ್ಲುವುದಿಲ್ಲ. ಖೋಟಾ ಅಂತ ಗೊತ್ತಿದ್ದೂ ಅಸಲಿ ಅಂತ ತೋರಿಸುವುದು ಕಾನೂನಿನ ಪ್ರಕಾರ ಅಪರಾಧ. ಲೆಟರ್ ಮಾಡಿದವನು ಅವನಾದರೂ ತೋರಿಸಿದವಳು ನೀನಾಗುತ್ತೀಯ.

ಆ ಸುಳ್ಳು ನಿನಗೆ ಯಾಕೆ ಬೇಕು ಅಂತಲೂ ನನಗೆ ಅರ್ಥವಾಗುತ್ತಿಲ್ಲ. ಮಾರ್ಚ್ 25ರಿಂದ ಎರಡು ತಿಂಗಳು ದೇಶದೊಳಗೆ ಜನರನ್ನು ಹೊತ್ತು ಒಂದು ಮಾಮೂಲಿ ವಿಮಾನವೂ ಹಾರಲಿಲ್ಲ. ಮತ್ತೆ ಶುರುವಾಗಿದ್ದು ಮೇ 25ಕ್ಕೆ, ಅದೂ ಕೆಲವೇ ಕೆಲವು. ನಿನ್ನದು ವಿಮಾನದ ಟಿಕೆಟ್ ಮಾರುವ ಸೈಟು! ಎದುರಿಗೆ ಕೂತವರಿಗೂ ಇದು ಗೊತ್ತು. ಮುಂದಿನ ಸಲ ಕೇಳಿದಾಗ ಹೀಗೆ ಹೇಳು: ‘ನಮ್ಮ ಪ್ರಾಜೆಕ್ಟ್ ಟ್ರಾವೆಲ್‌ದು, ಮೇ ತಿಂಗಳಲ್ಲಿ ನಿಂತಿತು. ಆಗಿನಿಂದ ಊರಲ್ಲಿದ್ದೇನೆ, ಸೆಲೆನಿಯಂ ಅನ್ನುವ ಟೆಸ್ಟಿಂಗ್ ಟೂಲ್ ಕಲಿಯುತ್ತಿದ್ದೇನೆ, ಮಾಡಿದ್ದನ್ನು ತೋರಿಸಲಾ?’ ಅಷ್ಟೇ. ಕನ್ನಡಿ ಮುಂದೆ ಹತ್ತು ಸಲ ಹೇಳಿ ನೋಡು. ಏಳನೇ ಇಂಟರ್‌ವ್ಯೂನಲ್ಲೂ ನೀನು ತಡವರಿಸಿದ್ದು ತಪ್ಪು ಮಾಡಿದವಳ ಹಾಗೆ ನಿಂತಿದ್ದರಿಂದ. ನೀನು ಏನೂ ತಪ್ಪು ಮಾಡಿಲ್ಲ.

ಮನೆಗೆ ದುಡ್ಡು ಬೇಕಾಗಿದ್ದರೆ ನಿನ್ನದೇ ಪಿಎಫ್ ಇದೆ. 2020ರ ನಿಯಮದ ಪ್ರಕಾರ ಕೆಲಸ ಇಲ್ಲದೆ ಒಂದು ತಿಂಗಳಾದರೆ ನೂರಕ್ಕೆ 75 ಭಾಗ ತೆಗೆಯಬಹುದು, ಎರಡು ತಿಂಗಳಾದರೆ ಉಳಿದದ್ದನ್ನೂ ತೆಗೆಯಬಹುದು. ಕಂಪನಿಯವರು ನೀನು ಬಿಟ್ಟ ತಾರೀಖು ಹಾಕಿದ್ದಾರಾ ನೋಡು. ಹಾಕಿಲ್ಲದಿದ್ದರೆ 2020ರ ಜನವರಿಯಿಂದ ನಾವೇ ಆನ್‌ಲೈನ್‌ನಲ್ಲಿ ಹಾಕಿಕೊಳ್ಳಬಹುದು. ಪೂರ್ತಿ ತೆಗೆಯಬೇಡ, ಬೇಕಾದಷ್ಟೇ ತೆಗೆ.

ಇದೆಲ್ಲಾ ಆಮೇಲೆ. ಈಗ ಮಾಡಬೇಕಾದ್ದು ಒಂದೇ ಕೆಲಸ.

ಇವತ್ತೇ ಆ ಕನ್ಸಲ್ಟೆನ್ಸಿಯವನಿಗೆ ವಾಟ್ಸಾಪ್ ಮಾಡು. ಯಾವತ್ತು ಏನೇನು ಕೊಟ್ಟೆ ಅಂತ ಒಂದೊಂದಾಗಿ ಬರೆ, ಸೋಮವಾರ ಬಂದು ವಾಪಸ್ ತಗೊಳ್ಳುತ್ತೇನೆ ಅಂತ ಬರೆ. ಫೋನ್ ಮಾಡಿದರೆ ಎತ್ತಬೇಡ, ಬರಹದಲ್ಲೇ ಉತ್ತರ ಕೊಡಲಿ. ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಡು. ಮಾವನನ್ನು ಜೊತೆಗೆ ಕರೆದುಕೊಂಡು ಹೋಗು. ಬರುವುದಿಲ್ಲ ಅಂದರೆ ಅಮ್ಮನ ಕೈಲಿ ಹೇಳಿಸು. ಕೊಡಿಸಿದವರು ಅವರು, ಬಿಡಿಸಿಕೊಂಡು ಬರುವಾಗಲೂ ಅವರೇ ಇರಬೇಕು. ಮೂರು ತಿಂಗಳ ಪ್ರೋಸೆಸಿಂಗ್ ಚಾರ್ಜ್ ಅಂತ ಏನಾದರೂ ಕೇಳಿದರೆ ಒಂದು ರೂಪಾಯಿ ಕೊಡಬೇಡ. ಅಲ್ಲಿಂದ ನೇರ ಆ ಏರಿಯಾದ ಪೊಲೀಸ್ ಸ್ಟೇಷನ್‌ಗೆ ಹೋಗಿ ದೂರು ಬರೆದುಕೊಡು, ವಾಟ್ಸಾಪ್ ತೋರಿಸು. ಕಳೆದುಹೋಗಿದೆ ಅಂದರೂ ದೂರು ಕೊಡು. ಡೂಪ್ಲಿಕೇಟ್‌ಗೆ ಅರ್ಜಿ ಹಾಕುವಾಗ ಅದು ಬೇಕಾಗುತ್ತದೆ.

ಕೊಟ್ಟರೆ ಅಲ್ಲೇ ಕೂತು ಒಂದೊಂದನ್ನೂ ಎಣಿಸಿಕೋ. ಎಂಟು ಸೆಮಿಸ್ಟರಿನದ್ದೂ ಇದೆಯಾ, ಸೀಲು ಇದೆಯಾ, ಒರಿಜಿನಲ್ಲೇನಾ ಅಥವಾ ಕಲರ್ ಜೆರಾಕ್ಸಾ, ಬೆಳಕಿಗೆ ಹಿಡಿದು ನೋಡು. ಅವರು ಆತುರ ಮಾಡಿದರೂ ನೀನು ಮಾಡಬೇಡ.

ಮಾಸ್ಕ್ ಹಾಕಿಕೊಂಡು ಹೋಗು. ವಾಪಸ್ ಬರುವಾಗ ಫೈಲನ್ನು ಬಸ್ಸಿನಲ್ಲಿ ತಲೆ ಮೇಲಿನ ಕ್ಯಾರಿಯರ್‌ಗೆ ಹಾಕಬೇಡ. ತೊಡೆ ಮೇಲೇ ಇಟ್ಟುಕೋ. ಮನೆ ಸೇರಿದ ಮೇಲೆ ನನಗೆ ಒಂದು ಸಾಲು ಬರೆ.